ಕೊಲ್ಹಾಪುರ ಸೀಮೆಯ ಸಣ್ಣ ಚಿತ್ರಗಳು: ಯಾರ ಬಾಯಿ, ಯಾರ ಮಾತು?

ಕೊಲ್ಹಾಪುರವೆಂದರೆ ನಮ್ಮ ಗಡಿನಾಡಿನವರಿಗೆ ಮೊದಲು ನೆನಪಾಗುವುದು ಮಹಾಲಕ್ಷ್ಮಿ. ಪೆರ್ಲ, ಪಡ್ರೆ ಕಡೆಯ ಅನೇಕ ಕರಾಡ ಮನೆತನಗಳಿಗೆ ಆಕೆ ಕುಲದೇವತೆ. ನಮ್ಮ ಮನೆಗೂ ಹಾಗೆಯೇ. ಬೆಲ್ಲ, ಕುಸ್ತಿ, ಚಪ್ಪಲಿಗಳ ನೆನಪು ಅದರ ಹಿಂದೆ ಬರುತ್ತದೆ. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನಾ’ ತಯಾರಾದುದು ಇದೇ ಊರಿನ ಛತ್ರಪತಿ ಸ್ಟುಡಿಯೋದಲ್ಲಿ ಎಂಬುದು ಮಾತ್ರ ನಮ್ಮಲ್ಲಿ ಕೆಲವರಿಗಷ್ಟೇ ಗೊತ್ತು. ವೈ.ವಿ. ರಾವ್ ನಿರ್ದೇಶಿಸಿದ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬಾ, ಆರ್. ನಾಗೇಂದ್ರರಾಯರು ಅಭಿನಯಿಸಿದ ಆ ಚಿತ್ರ 1934ರ ಮಾರ್ಚ್ 3ರಂದು ತೆರೆ ಕಂಡಿತು. ಕನ್ನಡ ನಾಡಿನಲ್ಲಿ ಸ್ಟುಡಿಯೋ ಇಲ್ಲದಿದ್ದ ಕಾಲದಲ್ಲಿ ಕನ್ನಡದ ಮಾತು ಮೊದಲು ಫಿಲ್ಮಿನ ಮೇಲೆ ಮೂಡಿದ್ದು ಮರಾಠಿ ರಾಜ್ಯವೊಂದರ ರಾಜಧಾನಿಯಲ್ಲಿ.

ಆದರೆ ಈ ಲೇಖನ ಅಂಥ ದೊಡ್ಡ ಚಿತ್ರಗಳ ಕುರಿತಾದದ್ದಲ್ಲ. ಸಂಘಗಳಿಗಾಗಿ, ಸೇವಾಸಂಸ್ಥೆಗಳಿಗಾಗಿ, ಕೂಲಿಕಾರರ ಒಕ್ಕೂಟಗಳಿಗಾಗಿ ತಯಾರಾಗುವ ಇಪ್ಪತ್ತು–ಇಪ್ಪತ್ತೈದು ನಿಮಿಷದ ಸಾಕ್ಷ್ಯಚಿತ್ರಗಳ ಕುರಿತು ನಾಲ್ಕು ಮಾತು ಹೇಳಬೇಕಾಗಿದೆ. ಕೊಲ್ಹಾಪುರದಲ್ಲಿ ನೌಕರಿಗಿದ್ದ ವರ್ಷಗಳಲ್ಲಿ ಇಂಥ ಕೆಲವು ಚಿತ್ರಗಳಿಗೆ ನಾನು ದುಭಾಷಿಯಾಗಿ ಓಡಾಡಿದ್ದೇನೆ. ಮನೆಯಲ್ಲಿ ಕರಾಡ ಮರಾಠಿ, ಶಾಲೆಯಲ್ಲಿ ಕನ್ನಡ, ಪಂಚಾಯತು ಕಚೇರಿಯಲ್ಲಿ ಮಲಯಾಳ – ಹೀಗೆ ಬೆಳೆದವನಿಗೆ ಬೇರೆ ಯಾವ ಅರ್ಹತೆ ಇಲ್ಲದಿದ್ದರೂ ಈ ಕೆಲಸಕ್ಕೆ ಸಾಕಿತ್ತು. ಚಿತ್ರದಲ್ಲಿ ಕಾಣುವವರ ಬಾಯಿ ಒಂದು, ಕೇಳಿಸುವ ಮಾತು ಇನ್ನೊಂದು ಆಗುವುದು ಹೇಗೆ, ಯಾವಾಗಿನಿಂದ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಭಾಷಾ ಅಲ್ಪಸಂಖ್ಯಾತರಾದ ನಮಗೆ ಅದು ಹೊರಗಿನ ಪ್ರಶ್ನೆಯೂ ಅಲ್ಲ.

ಭಾರತೀಯನೊಬ್ಬ ತೆಗೆದ ಮೊದಲ ವಾಸ್ತವ ಚಿತ್ರವೇ ಕುಸ್ತಿಯದು. 1899ರಲ್ಲಿ ಮುಂಬಯಿಯ ಹ್ಯಾಂಗಿಂಗ್ ಗಾರ್ಡನ್ಸಿನಲ್ಲಿ ನಡೆದ ಪಂದ್ಯವೊಂದನ್ನು ಹರಿಶ್ಚಂದ್ರ ಸಖಾರಾಮ ಭಾಟವಡೇಕರರು ಚಿತ್ರಿಸಿದರು. ಕೊಲ್ಹಾಪುರದಲ್ಲಿ ಕ್ಯಾಮರಾದ ಕಥೆ ಆರಂಭವಾಗುವುದು ಬಾಬೂರಾವ್ ಪೇಂಟರ್ ಅವರಿಂದ. ಹೆಸರೇ ಹೇಳುವಂತೆ ನಾಟಕದ ಪರದೆ ಬರೆಯುತ್ತಿದ್ದವರು. ಸೋದರಸಂಬಂಧಿ ಆನಂದರಾಯರು 1916ರಲ್ಲಿ ತೀರಿಕೊಂಡ ಮೇಲೂ ಹಟ ಬಿಡದೆ ಕ್ಯಾಮರಾವನ್ನು ತಾವೇ ಕಟ್ಟಿದರು, ಮಹಾರಾಷ್ಟ್ರ ಫಿಲ್ಮ್ ಕಂಪೆನಿಯನ್ನು ಸ್ಥಾಪಿಸಿದರು, 1920ರಲ್ಲಿ ‘ಸೈರಂಧ್ರಿ’ಯನ್ನು ತಂದರು. ಕಂಪೆನಿಗೆ ಬಂಡವಾಳ ಕೊಟ್ಟವಳು ತಾನೀಬಾಯಿ ಕಾಗಲ್ಕರ್ ಎಂಬ ಗಾಯಕಿ. ಅವರ 1925ರ ‘ಸಾವಕಾರಿ ಪಾಶ’ ನಮ್ಮ ವಿಷಯಕ್ಕೆ ಹತ್ತಿರದ್ದು. ನಾರಾಯಣ ಹರಿ ಆಪ್ಟೆಯವರ ಕಥೆ. ಬಡ್ಡಿ ವ್ಯಾಪಾರಿಯ ಬಲೆಗೆ ಬಿದ್ದು ಜಮೀನು ಕಳೆದುಕೊಂಡ ರೈತ ಪಟ್ಟಣದ ಗಿರಣಿ ಕೂಲಿಯಾಗುತ್ತಾನೆ. ಪುರಾಣದ ಮಾಯಾಮಂತ್ರಗಳ ಕಾಲದಲ್ಲಿ ರೈತನ ಗುಡಿಸಲು ಇದ್ದ ಹಾಗೆಯೇ ತೆರೆಯ ಮೇಲೆ ಬಂತು. ಅದು ಸಾಕ್ಷ್ಯಚಿತ್ರವಲ್ಲ ನಿಜ. ಆದರೂ ನೋಡುವ ಕಣ್ಣು ಬದಲಾದ ಗುರುತು ಅಲ್ಲಿದೆ.

ಅದರಲ್ಲಿ ಯುವಕ ರೈತನಾಗಿ ನಟಿಸಿದವರು ವಿ. ಶಾಂತಾರಾಮ್. 1901ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿದ ಇವರು ಹುಡುಗರಾಗಿದ್ದಾಗ ನಮ್ಮ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಕೂಲಿ ಮಾಡಿದವರು, ಅಲ್ಲಿಯ ಟಾಕೀಸೊಂದರಲ್ಲಿ ಚಿಲ್ಲರೆ ಕೆಲಸ ಮಾಡುತ್ತ ಚಿತ್ರ ನೋಡಿದವರು. 1929ರಲ್ಲಿ ಕೊಲ್ಹಾಪುರದಲ್ಲೇ ಆರಂಭವಾದ ಪ್ರಭಾತ್ ಕಂಪೆನಿಯ ಪಾಲುದಾರರಲ್ಲಿ ಒಬ್ಬರು. 1933ರಲ್ಲಿ ಕಂಪೆನಿ ಪುಣೆಗೆ ಹೋಯಿತು. ಎರಡನೆಯ ಮಹಾಯುದ್ಧದ ಪ್ರಚಾರಕ್ಕಾಗಿ ಬ್ರಿಟಿಷ್ ಸರಕಾರ 1940ರಲ್ಲಿ ಫಿಲ್ಮ್ ಅಡ್ವೈಸರಿ ಬೋರ್ಡ್ ರಚಿಸಿದಾಗ ಸ್ವಲ್ಪ ಕಾಲ ಅದರ ಮುಖ್ಯ ನಿರ್ಮಾಪಕರಾಗಿದ್ದವರೂ ಇವರೇ. ಆ ಬೋರ್ಡಿನ ಜಾಗದಲ್ಲಿ 1943ರಲ್ಲಿ ಇನ್ಫರ್ಮೇಶನ್ ಫಿಲ್ಮ್ಸ್ ಆಫ್ ಇಂಡಿಯಾ ಬಂತು, 1946ರಲ್ಲಿ ಮುಚ್ಚಿತು. ಸ್ವಾತಂತ್ರ್ಯಾನಂತರ 1948ರಲ್ಲಿ ಫಿಲ್ಮ್ಸ್ ಡಿವಿಜನ್ ಹುಟ್ಟಿತು.

ಫಿಲ್ಮ್ಸ್ ಡಿವಿಜನ್ನಿನ ಚಿತ್ರಗಳನ್ನು ನಮ್ಮ ತಲೆಮಾರಿನವರು ಮರೆಯುವಂತಿಲ್ಲ. ಕಥಾಚಿತ್ರಕ್ಕೆ ಮೊದಲು ಅವುಗಳನ್ನು ತೋರಿಸುವುದು ಟಾಕೀಸಿನವರಿಗೆ ಕಡ್ಡಾಯವಾಗಿತ್ತು. ಅಣೆಕಟ್ಟು, ಗೊಬ್ಬರದ ಕಾರ್ಖಾನೆ, ಮಲೇರಿಯಾ ನಿರ್ಮೂಲನ. ಹಿನ್ನೆಲೆಯಲ್ಲಿ ಗಡಸು ದನಿಯ ಒಬ್ಬ ಮಹನೀಯರ ವಿವರಣೆ. ಗದ್ದೆಯಲ್ಲಿ ನಿಂತ ರೈತ ಬಾಯಿ ಆಡಿಸುತ್ತಾನೆ, ಕೇಳಿಸುವುದು ಮಾತ್ರ ಆ ಮಹನೀಯರ ದನಿ. ಇದನ್ನು ಅಧಿಕಾರಶಾಹಿಯ ಅಹಂಕಾರವೆಂದು ಬೈಯುವುದು ಸುಲಭ. ಅದು ಇತ್ತು ಕೂಡ. ಆದರೆ ಅದಕ್ಕೊಂದು ತಾಂತ್ರಿಕ ಕಾರಣವೂ ಇತ್ತೆಂಬುದನ್ನು ಸಂಕಲನದ ಕೋಣೆಯಲ್ಲಿ ಕೂತ ಮೇಲೆ ತಿಳಿದೆ. ಒಂದೇ ಚಿತ್ರವನ್ನು ದೇಶದ ಹತ್ತಾರು ಭಾಷೆಗಳಲ್ಲಿ ಬಿಡುಗಡೆ ಮಾಡಬೇಕು. ಸಂಗೀತ ಮತ್ತು ಸದ್ದುಗಳ ಪಟ್ಟಿ ಒಂದು, ಮಾತಿನ ಪಟ್ಟಿ ಇನ್ನೊಂದು. ಚಿತ್ರದೊಳಗಿನ ಮನುಷ್ಯರು ಮಾತನಾಡದೆ ಇದ್ದರೆ ಮೇಲಿನ ಮಾತನ್ನು ಅಂಗಿ ಬದಲಿಸಿದಂತೆ ಬದಲಿಸಬಹುದು, ಮಾತನಾಡಿದರೆ ತೊಡಕು. ಹೀಗಾಗಿ ಎಲ್ಲ ಭಾಷೆಗೂ ಸಲ್ಲಬೇಕಾದ ಚಿತ್ರದಲ್ಲಿ ಚಿತ್ರಿತನಾದವನ ಭಾಷೆಗೇ ಜಾಗವಿಲ್ಲದೆ ಹೋಯಿತು. 1960ರ ದಶಕದ ಉತ್ತರಾರ್ಧದಲ್ಲಿ ಎಸ್.ಎನ್.ಎಸ್. ಶಾಸ್ತ್ರಿಯವರ ‘ಐ ಆಮ್ 20’ (1967)ಯಂಥ ಚಿತ್ರಗಳು ಮೈಕನ್ನು ಜನರ ಮುಂದೆ ಹಿಡಿದವು, ಆದರೆ ಅವು ಕೆಲವೇ. ಫಿಲ್ಮ್ಸ್ ಡಿವಿಜನ್ ಈಗ ಪ್ರತ್ಯೇಕವಾಗಿ ಉಳಿದಿಲ್ಲ. 2022ರಲ್ಲಿ ಅದನ್ನು ಎನ್‌ಎಫ್‌ಡಿಸಿಯೊಳಗೆ ಸೇರಿಸಲಾಯಿತು. ಅದರ ದನಿ ಮಾತ್ರ ಸಂಸ್ಥೆಗಳ ಚಿತ್ರಗಳಲ್ಲಿ ಇಂದಿಗೂ ಬದುಕಿದೆ.

ಈ ದನಿಯನ್ನು ಕಿತ್ತೊಗೆದ ಚಿತ್ರವೊಂದು ಇದೇ ಸೀಮೆಯಲ್ಲಿ ತಯಾರಾಯಿತು. ಕೊಲ್ಹಾಪುರದಿಂದ ಬೆಂಗಳೂರು ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಬಂದರೆ ರಾಜ್ಯದ ಗಡಿ ದಾಟುತ್ತಲೇ ನಿಪ್ಪಾಣಿ. 1956ರಲ್ಲಿ ಬೆಳಗಾವಿ ಜಿಲ್ಲೆಯೊಂದಿಗೆ ಮೈಸೂರು ರಾಜ್ಯಕ್ಕೆ ಸೇರಿದ ಊರು. 1967ರಲ್ಲಿ ಮಹಾಜನ ಆಯೋಗ ಇದನ್ನು ಮಹಾರಾಷ್ಟ್ರಕ್ಕೆ ಬಿಡಬೇಕೆಂದಿತು. ಚಂದ್ರಗಿರಿಯ ಉತ್ತರದ ನಮ್ಮ ನೆಲವನ್ನು ಕರ್ನಾಟಕಕ್ಕೆ ಕೊಡಬೇಕೆಂದು ಹೇಳಿದ್ದೂ ಅದೇ ವರದಿ. ಎರಡೂ ಆಗಲಿಲ್ಲ. ನಿಪ್ಪಾಣಿಯ ಪೇಟೆಯಲ್ಲಿ ನಡೆದಾಡಿದ ಕಾಸರಗೋಡಿನವನಿಗೆ ಅಲ್ಲಿಯ ಮರಾಠಿ ಮನೆಗಳ ಅಸಮಾಧಾನವನ್ನು ಯಾರೂ ವಿವರಿಸಬೇಕಾಗಿಲ್ಲ.

ನಿಪ್ಪಾಣಿ ತಂಬಾಕಿನ ಊರು. 1981ರಲ್ಲಿ ಶರದ್ ಜೋಶಿಯವರ ಮುಂದಾಳುತನದಲ್ಲಿ ತಂಬಾಕು ಬೆಳೆಗಾರರು ಹೆದ್ದಾರಿ ತಡೆದು ಕೂತದ್ದು, ಏಪ್ರಿಲಿನಲ್ಲಿ ಪೊಲೀಸರ ಗುಂಡಿಗೆ ರೈತರು ಬಲಿಯಾದದ್ದು ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ಆದರೆ ಬೆಳೆಗಾರನ ಹೊಲದಿಂದ ಬಂದ ಎಲೆಯನ್ನು ಕುಟ್ಟಿ, ಜರಡಿ ಹಿಡಿದು, ಚೀಲ ತುಂಬುವವರು ಕಾರ್ಖಾನೆಗಳ ಹೆಂಗಸರು. ಆ ದೂಳಿನಲ್ಲಿ ಅರ್ಧ ಗಂಟೆ ನಿಂತರೆ ಹೊಸಬರಿಗೆ ಕಣ್ಣು ಉರಿದು ಗಂಟಲು ಕಟ್ಟುತ್ತದೆ; ಅವರು ಇಡೀ ದಿನ ಕೂತಿರುತ್ತಿದ್ದರು. ಸಂಬಳಕ್ಕೆ ಲೆಕ್ಕವಿಲ್ಲ, ರಜೆಗೆ ಹಕ್ಕಿಲ್ಲ. ಈ ಸಾವಿರಾರು ಹೆಂಗಸರು ಸಂಘ ಕಟ್ಟಿದರು. ನಿಪ್ಪಾಣಿ ಆಗ ಚಿಕ್ಕೋಡಿ ತಾಲೂಕಿಗೆ ಸೇರಿತ್ತು. ಸಂಘದ ಹೆಸರು ಚಿಕ್ಕೋಡಿ ತಾಲೂಕಾ ಕಾಮಗಾರ ಮಹಾಸಂಘ.

ಬೆಂಗಳೂರಿನಲ್ಲಿ 1980ರಲ್ಲಿ ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್, ನವರೋಜ್ ಕಾಂಟ್ರಾಕ್ಟರ್ – ಈ ನಾಲ್ವರು ಸೇರಿ ‘ಯುಗಾಂತರ್’ ಎಂಬ ಚಿತ್ರಬಳಗ ಕಟ್ಟಿದ್ದರು. ನವರೋಜ್ ಅವರು ಮಣಿ ಕೌಲರ ‘ದುವಿಧಾ’ಕ್ಕೆ ಕ್ಯಾಮರಾ ಹಿಡಿದವರು, 2023ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಪುಣೆಯ ಮನೆಗೆಲಸದವರ ಕುರಿತು ‘ಮೋಲಕರೀಣ’ (1981) ತೆಗೆದ ಮೇಲೆ ಬಳಗ ನಿಪ್ಪಾಣಿಗೆ ಬಂತು. ಬಂದವರು ಕ್ಯಾಮರಾ ತೆಗೆಯುವ ಆತುರ ತೋರಿಸಲಿಲ್ಲ. ಸುಮಾರು ನಾಲ್ಕು ತಿಂಗಳು ಹೆಂಗಸರ ಜೊತೆಗಿದ್ದು ಅವರ ಕಷ್ಟ ಕೇಳಿದರು, ಸಂಘ ಕಟ್ಟುವ ಚರ್ಚೆಗಳಲ್ಲಿ ಕೂತರು. ಹೊರಗಿನವರು ಅದುವರೆಗೆ ನೋಡದಿದ್ದ ಕಾರ್ಖಾನೆಯ ಒಳಭಾಗ, ಹೆಂಗಸರು ಗುಂಪಾಗಿ ಇಟ್ಟ ಮೊದಲ ಹೆಜ್ಜೆಗಳು, ಎಲ್ಲವೂ 16 ಎಂ.ಎಂ. ಕಪ್ಪು–ಬಿಳುಪು ಫಿಲ್ಮಿಗೆ ಇಳಿದವು. ಹೀಗೆ 1982ರಲ್ಲಿ ಸಿದ್ಧವಾದ ಚಿತ್ರ ‘ತಂಬಾಖೂ ಚಾಕೀಲಾ ಊಬ ಆಲೀ’. ಮರಾಠಿಯ ಊಬ ಎಂದರೆ ಕಾವು. ಸುಮಾರು 25 ನಿಮಿಷದ ಚಿತ್ರ.

ಈ ಚಿತ್ರಕ್ಕೆ ನಾನು ಇಷ್ಟು ಮಹತ್ವ ಕೊಡುವುದೇಕೆಂದರೆ, ನಾಲ್ಕು ತಿಂಗಳು ಎಂಬುದು ಸಣ್ಣ ಖರ್ಚಲ್ಲ. 16 ಎಂ.ಎಂ. ಫಿಲ್ಮಿನ ನಾನೂರು ಅಡಿಯ ಸುರುಳಿ ಹನ್ನೊಂದು ನಿಮಿಷಕ್ಕೆ ಮುಗಿಯುತ್ತದೆ. ತೆಗೆದದ್ದನ್ನು ದೂರದ ಲ್ಯಾಬಿಗೆ ಕಳಿಸಬೇಕು, ತೊಳೆದು ಬರುವವರೆಗೆ ಏನು ಬಂದಿದೆ ಗೊತ್ತಿಲ್ಲ. ಫಿಲ್ಮು ದುಬಾರಿ, ಮಾತು ಅಗ್ಗ; ಆದ್ದರಿಂದ ಆ ಕಾಲದ ಒಳ್ಳೆಯ ಬಳಗಗಳು ಮೊದಲು ಬೇಕಾದಷ್ಟು ಮಾತನಾಡಿ, ಕೇಳಿ, ಅನಂತರ ಅಳೆದು ಚಿತ್ರೀಕರಿಸಿದವು. ವಿಡಿಯೋ ಬಂದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. ಗಂಟೆಗಟ್ಟಲೆಯ ಕ್ಯಾಸೆಟ್ಟು ಕೈಯಲ್ಲಿದೆ, ಇಳಿದ ಕೂಡಲೇ ಒತ್ತು ಗುಂಡಿ! ವಿಡಿಯೋವನ್ನು ದೂರಬೇಕೆಂದಲ್ಲ. ಅಹಮದಾಬಾದಿನ ಸೇವಾ ಸಂಘದ ಹೆಂಗಸರು 1984ರಿಂದ ತಾವೇ ಕ್ಯಾಮರಾ ಹಿಡಿಯಲು ಕಲಿತದ್ದು ವಿಡಿಯೋದಿಂದಲೇ ಸಾಧ್ಯವಾಯಿತು. ಆಮೇಲೆ ಜಹೀರಾಬಾದಿನ ಬಳಿಯ ಪಸ್ತಾಪುರದ ದಲಿತ ರೈತ ಮಹಿಳೆಯರೂ ಅದನ್ನೇ ಮಾಡಿದರು. ಆದರೆ ಹೆಚ್ಚಿನ ಕಡೆ ಕಡಿಮೆಯಾದದ್ದು ಖರ್ಚಿನ ಜೊತೆಗೆ ಕೇಳುವ ತಾಳ್ಮೆ.

ಇಚಲಕರಂಜಿಯ ಸಂಗತಿ ಬೇರೆ. ಜಹಗೀರುದಾರ ನಾರಾಯಣರಾವ್ ಘೋರ್ಪಡೆಯವರ ಪ್ರೋತ್ಸಾಹದಿಂದ 1904ರಲ್ಲಿ ವಿಠ್ಠಲರಾವ್ ದಾತಾರರು ಅಲ್ಲಿ ಮೊದಲ ವಿದ್ಯುತ್ ಮಗ್ಗ ಹೂಡಿದರು. ಇಂದು ಊರೆಂದರೆ ಮಗ್ಗ, ಮಗ್ಗವೆಂದರೆ ಊರು. ಕೂಲಿಕಾರರಲ್ಲಿ ಗಡಿಯಾಚೆಯಿಂದ ಬಂದ ಕನ್ನಡಿಗರು ಬೇಕಾದಷ್ಟು. ಅಲ್ಲಿ ಚಿತ್ರ ತೆಗೆಯುವವನಿಗೆ ಬೆಳಕಿಗಿಂತ ಸದ್ದಿನದೇ ಕಾಟ. ಗಲ್ಲಿಯ ಎರಡೂ ಕಡೆ ಖಟಖಟ ಸದ್ದು. ಮೈಕಿಗೆ ಮನುಷ್ಯನ ದನಿ ಸಿಗುವುದೇ ಇಲ್ಲ. ನಾವು ಕರೆಂಟು ಹೋಗುವುದನ್ನೇ ಕಾಯುತ್ತ ಕೂರುತ್ತಿದ್ದೆವು. ಹೋದ ಕ್ಷಣ ಇಡೀ ಊರು ತಟಸ್ಥ, ಆಗ ನೇಕಾರ ಬೀಡಿ ಹಚ್ಚಿ ಮಾತಿಗೆ ತೊಡಗುತ್ತಿದ್ದ. ಕರೆಂಟು ಬಂದೊಡನೆ ಅರ್ಧ ವಾಕ್ಯದಲ್ಲೇ ಎದ್ದು ಮಗ್ಗಕ್ಕೆ ಓಡುತ್ತಿದ್ದ. ಸಂಕಲನಕಾರರಿಗೆ ಆ ಅರ್ಧ ವಾಕ್ಯಗಳು ಬೇಡ. ನನಗಂತೂ ಆ ಕೂಲಿಯ ಲೆಕ್ಕಾಚಾರ ಪೂರ್ತಿ ತಿಳಿದದ್ದು ಅವುಗಳಿಂದಲೇ.

ಮತ್ತೆ ಆ ಮಾತಾದರೂ ಯಾವ ಭಾಷೆ? ಇಚಲಕರಂಜಿಯಿಂದ ದೂರವಲ್ಲದ, ಸಾಂಗಲಿ ಜಿಲ್ಲೆಯ ಕುಪ್ವಾಡವೆಂಬ ಹಳ್ಳಿಯ ಬಗ್ಗೆ ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲಿ ಬರೆದ ಪ್ರಬಂಧ ಭಾಷಾಶಾಸ್ತ್ರದಲ್ಲಿ ಬಹಳ ಪ್ರಸಿದ್ಧ. ಅಲ್ಲಿ ಜೈನರು ಮತ್ತು ಲಿಂಗಾಯತರು ಕನ್ನಡ, ಮುಸಲ್ಮಾನರು ಉರ್ದು, ದಲಿತರು ಮರಾಠಿ ಆಡುತ್ತಾರೆ. ಶತಮಾನಗಳ ಒಡನಾಟದಿಂದ ಈ ಭಾಷೆಗಳ ವಾಕ್ಯರಚನೆ ಎಷ್ಟು ಹತ್ತಿರ ಬಂದಿದೆಯೆಂದರೆ, ಒಂದರ ಪದ ತೆಗೆದು ಇನ್ನೊಂದರ ಪದ ಇಟ್ಟರೆ ಅನುವಾದ ಮುಗಿಯಿತು ಎಂಬಷ್ಟು. ಆದರೂ ಯಾರೂ ತಮ್ಮ ಮನೆಮಾತನ್ನು ಬಿಟ್ಟಿರಲಿಲ್ಲ. ಬಾವಿಕಟ್ಟೆಯಲ್ಲಿ ಕೂಡುವ ಮಾತು, ಅಡುಗೆಮನೆಯಲ್ಲಿ ಬೇರೆಯಾಗುತ್ತಿತ್ತು. ಬದಿಯಡ್ಕದ ಪೇಟೆಯಲ್ಲಿ ಒಂದು ಗಳಿಗೆ ನಿಂತವರಿಗೆ ಇದು ಆಶ್ಚರ್ಯವೆನಿಸದು. ಚಿತ್ರ ತೆಗೆಸುವ ಸಂಸ್ಥೆಗೆ ಮಾತ್ರ ಇದು ತಲೆನೋವು. ಅದಕ್ಕೆ ಒಂದು ಚಿತ್ರಕ್ಕೆ ಒಂದು ಭಾಷೆ ಬೇಕು.

ಗಡಹಿಂಗ್ಲಜದಲ್ಲಿ ಈ ತಲೆನೋವನ್ನು ಹತ್ತಿರದಿಂದ ನೋಡಿದೆ. ಹಿರಣ್ಯಕೇಶಿ ನದಿಯ ದಂಡೆಯ ಈ ತಾಲೂಕು ಕೊಲ್ಹಾಪುರ ಜಿಲ್ಲೆಯ ದಕ್ಷಿಣಕ್ಕಿದೆ, ಆಚೆ ಸಂಕೇಶ್ವರ. ಇಲ್ಲಿಯ ಅನೇಕ ಹಳ್ಳಿಗಳಲ್ಲಿ ಕನ್ನಡ ಮನೆಮಾತು. 1975ರಲ್ಲಿ ಬಾಬಾ ಆಢಾವ್ ಅವರ ಬಳಗ ದೇವದಾಸಿಯರ ಪರಿಷತ್ತು ನಡೆಸಿದ್ದು ಇದೇ ಊರಲ್ಲಿ. ಸವದತ್ತಿಯ ಎಲ್ಲಮ್ಮನಿಗೆ ಬಿಟ್ಟ ಹೆಣ್ಣುಮಕ್ಕಳು ಗಡಿಯ ಎರಡೂ ಬದಿಗೆ ಇದ್ದರು. ಕರ್ನಾಟಕ ಸರಕಾರ 1982ರಲ್ಲಿ ನಿಷೇಧದ ಕಾಯಿದೆ ಮಾಡಿತು. ಮಹಾರಾಷ್ಟ್ರದಲ್ಲಿ ಹೊಸ ಕಾಯಿದೆ ಬರಲು 2005ರ ವರೆಗೆ ಕಾಯಬೇಕಾಯಿತು. ಅಲ್ಲಿಯ ತನಕ ಇದ್ದದ್ದು 1934ರ ಮುಂಬಯಿ ಕಾಯಿದೆ.

1990ರ ದಶಕದ ಆರಂಭದಲ್ಲಿ, ಇಂಥ ಹೆಂಗಸರ ಉಳಿತಾಯ ಗುಂಪುಗಳ ಕುರಿತು ಒಂದು ಸಂಸ್ಥೆ ಇಪ್ಪತ್ತು ನಿಮಿಷದ ಚಿತ್ರ ತೆಗೆಸಿತು. ಸಂಸ್ಥೆಯ ಹೆಸರು ಇಲ್ಲಿ ಬೇಡ. ಹಣ ಹೊರದೇಶದ್ದು, ಒಂದು ಇಂಗ್ಲಿಷ್ ಪ್ರತಿ ಅಲ್ಲಿಗೆ, ಒಂದು ಮರಾಠಿ ಪ್ರತಿ ಸರಕಾರಿ ಅಧಿಕಾರಿಗಳಿಗೆ ಎಂದು ಮೊದಲೇ ನಿಶ್ಚಯವಾಗಿತ್ತು. ಹೆಂಗಸರು ಆಡಿದ್ದು ಮರಾಠಿ ಬೆರೆತ ಕನ್ನಡ. ನಿರ್ದೇಶಕರು ಸಜ್ಜನರೇ, ಒಬ್ಬಾಕೆಗೆ ‘ಇದನ್ನೇ ಮರಾಠಿಯಲ್ಲಿ ಇನ್ನೊಮ್ಮೆ ಹೇಳಿ’ ಎಂದು ನನ್ನ ಮೂಲಕ ಕೇಳಿಸಿದರು. ಆಕೆ ನನ್ನ ಮುಖ ನೋಡಿ, ‘ಅಣ್ಣಾ, ಮನ್ಯಾಗ ಹಿಂಗ ಮಾತಾಡ್ತೀವಿ. ಬ್ಯಾರೆ ಹೆಂಗ ಹೇಳ್ಲಿ?’ ಅಂದಳು. ಆ ದನಿಯನ್ನು ಹಾಗೆಯೇ ಉಳಿಸಿ ಕೆಳಗೆ ಅಕ್ಷರ ಕೊಡಿ ಎಂದು ನಾನು ಹೇಳಿ ನೋಡಿದೆ. ಅಧಿಕಾರಿಗಳು ಓದುವುದಿಲ್ಲ, ಖರ್ಚೂ ಹೆಚ್ಚು ಎಂಬ ಉತ್ತರ ಬಂತು. ಕೊನೆಗೆ ಆಕೆಯ ದನಿ ತಗ್ಗಿ, ಅದರ ಮೇಲೆ ಪುಣೆಯ ಮರಾಠಿ ಏರಿತು.

ಚಿತ್ರವನ್ನು ಊರ ಸಮಾಜಮಂದಿರದಲ್ಲಿ ತೋರಿಸಿದ ದಿನ ಹೆಂಗಸರು ತಮ್ಮ ಮುಖ ಕಂಡು ಬಿದ್ದು ಬಿದ್ದು ನಕ್ಕರು. ಸಂತೋಷದ ನಗುವೇ ಅದು. ಆಮೇಲೆ ಒಬ್ಬ ಮುದುಕಿ ಪಕ್ಕದವಳನ್ನು ಕೇಳಿದಳು: ನಿನ್ನ ಬಾಯಾಗ ಮಾತಾಡಾಕತ್ತಾಕಿ ಯಾರು? ಯಾರೂ ಉತ್ತರ ಕೊಡಲಿಲ್ಲ, ಆಗಲೇ ಚಹಾ ಬಂತು.

ಇದಕ್ಕೆ ಹೆಂಗಸರೇ ಉತ್ತರ ಕೊಟ್ಟ ಪ್ರಸಂಗವೊಂದಿದೆ. ಸಾಂಗಲಿಯಲ್ಲಿ 1992ರಿಂದ ಕೆಲಸ ಮಾಡುತ್ತಿರುವ ‘ಸಂಗ್ರಾಮ್’ ಸಂಸ್ಥೆಯ ಒಡನಾಟದಲ್ಲಿ ಲೈಂಗಿಕ ಕಾರ್ಯಕರ್ತೆಯರು 1996ರಲ್ಲಿ ‘ವೇಶ್ಯಾ ಅನ್ಯಾಯ ಮುಕ್ತಿ ಪರಿಷದ್’ ಎಂಬ ತಮ್ಮದೇ ಸಂಘ ಕಟ್ಟಿಕೊಂಡರು. ಬೆಳಗಾವಿ, ವಿಜಾಪುರ ಕಡೆಯಿಂದ ಬಂದ, ಕನ್ನಡ ಮನೆಮಾತಿನ ಹೆಣ್ಣುಮಕ್ಕಳು ಅದರಲ್ಲಿ ಅನೇಕರು. 2010ರಲ್ಲಿ ಹೊರದೇಶದ ವಾಹಿನಿಯೊಂದು ಅವರನ್ನು ಚಿತ್ರಿಸಿ ಅಂತರ್ಜಾಲದಲ್ಲಿ ಹಾಕಿತು. ಚಿತ್ರ ನೋಡಿದ ಹೆಂಗಸರಿಗೆ ಸಿಟ್ಟು ಬಂತು. ನಂಬಿ ಮನೆಯೊಳಗೆ ಬಿಟ್ಟವರೇ ತಮ್ಮ ಬದುಕನ್ನು ತಿರುಚಿ ತೋರಿಸಿದ್ದಾರೆ ಎಂಬುದು ಅವರ ದೂರು. ಅವರು ಪತ್ರ ಬರೆದು ಸುಮ್ಮನಾಗಲಿಲ್ಲ. ತಾವೇ ಕ್ಯಾಮರಾದ ಮುಂದೆ ಕೂತು, ಒಬ್ಬೊಬ್ಬರಾಗಿ ತಮ್ಮ ಮಾತಿನಲ್ಲಿ ಉತ್ತರ ಹೇಳಿ, ಆ ವಿಡಿಯೋವನ್ನೂ ಅದೇ ಅಂತರ್ಜಾಲಕ್ಕೆ ಏರಿಸಿದರು. ನಿಪ್ಪಾಣಿಯ ಬಳಗ ನಾಲ್ಕು ತಿಂಗಳು ಕೂತು ಸಂಪಾದಿಸಿದ ವಿಶ್ವಾಸಕ್ಕೂ, ಈ ಉತ್ತರಕ್ಕೂ ನಡುವೆ 28 ವರ್ಷ. ದಾರಿ ಮಾತ್ರ ನೂರು ಕಿಲೋಮೀಟರೂ ಇಲ್ಲ.

ಇಷ್ಟೆಲ್ಲ ನಮಗೇಕೆ ಎನ್ನುವವರಿಗೆ ಎಣ್ಮಕಜೆಯನ್ನು ನೆನಪಿಸಬೇಕು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕಾಲು ಶತಮಾನ, ಡಾ. ಮೋಹನ ಕುಮಾರರ ಎಚ್ಚರಿಕೆ, ಶ್ರೀ ಪಡ್ರೆಯವರ ಬರಹ, 2011ರ ಮೇ 13ರ ಸುಪ್ರೀಂ ಕೋರ್ಟಿನ ತಡೆ – ಇವು ನಮ್ಮ ಮನೆಯ ಸುದ್ದಿ. ಅದರ ಬಗ್ಗೆ ಚಿತ್ರಗಳು ಬಂದಿವೆ, ಕೆ.ಆರ್. ಮನೋಜ್ ಅವರ ‘ಎ ಪೆಸ್ಟರಿಂಗ್ ಜರ್ನಿ’ (2010) ಪಂಜಾಬನ್ನೂ ಕಾಸರಗೋಡನ್ನೂ ಜೋಡಿಸಿದ ಗಂಭೀರ ಕೃತಿ. ಒಳ್ಳೆಯ ಮನಸ್ಸಿನವರು ಕ್ಯಾಮರಾ ಹೊತ್ತು ಬಂದರು, ಲೋಕಕ್ಕೆ ತಿಳಿಸಿದರು. ಅದಕ್ಕೆ ನಾವು ಋಣಿಗಳು. ಆ ಮನೆಗಳಲ್ಲಿ ತುಳು, ಕನ್ನಡ, ಮಲಯಾಳ, ಕರಾಡ ಮರಾಠಿ ಎಲ್ಲವೂ ಇವೆ. ಮಗುವನ್ನು ಹದಿನೆಂಟು ವರ್ಷ ತೊಡೆಯ ಮೇಲೆ ಮಲಗಿಸಿ ಸಾಕಿದ ತಾಯಿ ವೈದ್ಯರೊಡನೆ ಒಂದು ಭಾಷೆ ಆಡುತ್ತಾಳೆ, ಮಂತ್ರಿಗಳೊಡನೆ ಇನ್ನೊಂದು, ಮಗುವಿನೊಡನೆ ಮತ್ತೊಂದು. ಆ ಮೂರನೆಯದು ಎಲ್ಲಾದರೂ ದಾಖಲಾಗಬೇಡವೇ? ಅದನ್ನು ಹೊರಗಿನವರು ಮಾಡಿಯಾರೆಂದು ಕಾಯುವುದು ಸರಿಯಲ್ಲ. ಈಗ ಕೈಯಲ್ಲಿರುವ ಫೋನಿಗೂ ಕ್ಯಾಮರಾ ಇದೆ. ನಮ್ಮಲ್ಲಿ ಗ್ರಂಥಾಲಯಗಳಿವೆ, ಯುವಕ ಸಂಘಗಳಿವೆ, ಕನ್ನಡವನ್ನೂ ಮಲಯಾಳವನ್ನೂ ಬಲ್ಲ ಮಕ್ಕಳಿದ್ದಾರೆ. ಎರಡು ಭಾಷೆಯ ಅಕ್ಷರಗಳನ್ನು ಚಿತ್ರದ ಕೆಳಗೆ ಕೊಡುವುದಕ್ಕೆ ಈಗ ದೊಡ್ಡ ಖರ್ಚೂ ಇಲ್ಲ.

ಉಳಿಸಿಕೊಳ್ಳುವುದು ಇನ್ನೊಂದು ಕಷ್ಟ. ‘ಸತಿ ಸುಲೋಚನಾ’ದ ಪ್ರತಿ ಇಂದು ಎಲ್ಲಿಯೂ ಸಿಗುವುದಿಲ್ಲ. ಯುಗಾಂತರದ ಚಿತ್ರಗಳನ್ನು ಬರ್ಲಿನ್ನಿನ ಆರ್ಸೆನಾಲ್ ಸಂಸ್ಥೆ ದುರಸ್ತಿಗೊಳಿಸಿ ಡಿಜಿಟಲ್ ರೂಪಕ್ಕೆ ತಂದುದರಿಂದ ನಿಪ್ಪಾಣಿಯ ಹೆಂಗಸರನ್ನು ಮತ್ತೆ ನೋಡುವಂತಾಯಿತು. ಗಡಹಿಂಗ್ಲಜದ ಆ ಚಿತ್ರದ ನನ್ನ ಕ್ಯಾಸೆಟ್ಟಿಗೆ ನಮ್ಮ ಊರಿನ ಎರಡೇ ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು. ನಿಮ್ಮ ಅಟ್ಟದ ಮೇಲೆ, ಪತ್ತಾಯದ ಮೂಲೆಯಲ್ಲಿ, ಶಾಲೆಯ ಅಮೃತೋತ್ಸವದ್ದೋ ತಾಳಮದ್ದಳೆಯದ್ದೋ ಎಂಡೋಸಲ್ಫಾನ್ ಸಭೆಯದ್ದೋ ಹಳೆಯ ವಿಎಚ್‌ಎಸ್ ಕ್ಯಾಸೆಟ್ಟುಗಳು ಇದ್ದರೆ ಇಡವಪಾತಿಗೆ ಮೊದಲು ಹೊರಗೆ ತೆಗೆಯಿರಿ. ಬಿಸಿಲಿಗೆ ಹಾಕಬೇಡಿ, ಒಣ ಬಟ್ಟೆಯಲ್ಲಿ ಒರೆಸಿ, ನೆಟ್ಟಗೆ ನಿಲ್ಲಿಸಿಡಿ. ಬೂಷ್ಟು ಹಿಡಿದದ್ದನ್ನು ಮಾತ್ರ ಯಂತ್ರಕ್ಕೆ ಹಾಕಲೇಬೇಡಿ, ಅದು ಯಂತ್ರವನ್ನೂ ಕೆಡಿಸಿ ಪಕ್ಕದ ಕ್ಯಾಸೆಟ್ಟಿಗೂ ಹಬ್ಬುತ್ತದೆ. ಮದುವೆ ವಿಡಿಯೋದ ಅಂಗಡಿಯವರಲ್ಲಿ ಕೆಲವರು ಇನ್ನೂ ಹಳೆಯ ಪ್ಲೇಯರನ್ನು ಇಟ್ಟುಕೊಂಡಿದ್ದಾರೆ, ಕೇಳಿದರೆ ಡಿಜಿಟಲ್ ಪ್ರತಿ ಮಾಡಿಕೊಡುತ್ತಾರೆ.